ಊಟದ ಕೋಣೆಯಲ್ಲಿ ಎಷ್ಟು ಕುರ್ಚಿ?



ಹೊಸ ಮನೆಯ ಆಶೀರ್ವಾದಕ್ಕೆ ಹೋಗುವ ಗುರುವಿಗೆ ಬೇರೆ ಅತಿಥಿಗಳಿಗೆ ಸಿಗದ ಒಂದು ಅವಕಾಶ ಸಿಗುತ್ತದೆ. ಅತಿಥಿಗಳು ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಮನೆ ಚೆನ್ನಾಗಿದೆ ಎಂದು ಹೇಳಿ ಹೊರಡುತ್ತಾರೆ. ಗುರುವಾದರೋ ತೀರ್ಥ ಚಿಮುಕಿಸುತ್ತ ತಲೆಬಾಗಿಲಿನಿಂದ ಹಿತ್ತಿಲವರೆಗೆ ಪ್ರತಿಯೊಂದು ಕೋಣೆಗೂ ಕಾಲಿಡುತ್ತಾನೆ. ಅಡುಗೆಮನೆಯ ಡಬ್ಬಿಗಳೂ ಅವನ ಕಣ್ಣಿಗೆ ಬೀಳುತ್ತವೆ, ಮಂಚದ ಕೆಳಗೆ ತುರುಕಿಟ್ಟ ಟ್ರಂಕುಗಳೂ ಬೀಳುತ್ತವೆ. ಮನೆಯವರು ಯಾವ ಕೋಣೆಗೆ ಹೆಚ್ಚು ಹಣ ಹಾಕಿದ್ದಾರೆ ಎಂಬುದು ಒಳಗೆ ಕಾಲಿಟ್ಟ ಕೂಡಲೇ ತಿಳಿದುಹೋಗುತ್ತದೆ. ಆದರೆ ಆ ಮನೆಯವರು ಒಟ್ಟಿಗೆ ಕೂಡುವುದು ಎಲ್ಲಿ ಎಂದು ತಿಳಿಯಬೇಕಾದರೆ ಊಟದ ಹೊತ್ತಿನವರೆಗೆ ಅಲ್ಲಿ ಉಳಿಯಬೇಕು.

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡ ಕುಟುಂಬಗಳ ನಡುವೆ ಓಡಾಡುವಾಗ ಹಲವು ಮನೆಗಳಲ್ಲಿ ಹೀಗೆ ಉಳಿದು ಊಟ ಮಾಡಿದ್ದೇನೆ. ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಪದೇಪದೇ ಕಿವಿಗೆ ಬೀಳುತ್ತಿದೆ: "ಫಾದರ್, ಡೈನಿಂಗ್ ಟೇಬಲ್ ಎಲ್ಲಿ ಹಾಕೋಣ?" ಮನೆ ಕಟ್ಟುವವರೂ ಕೇಳುತ್ತಾರೆ, ಫ್ಲ್ಯಾಟ್ ಕೊಂಡವರೂ ಕೇಳುತ್ತಾರೆ. ಪ್ರಶ್ನೆ ಮೇಜಿನದು ಎಂದು ತೋರುತ್ತದೆ. ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ ಎಂದು ನನಗನ್ನಿಸುತ್ತದೆ. ಈ ಮನೆಯಲ್ಲಿ ಯಾರು ಯಾರು ಕೂಡಿ ಉಣ್ಣಬೇಕು?

ಪಡಸಾಲೆಯ ಪಂಕ್ತಿ

ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳಲ್ಲಿ ಊಟಕ್ಕೆಂದೇ ಬೇರೆ ಕೋಣೆ ಇರಲಿಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆ, ಒಳಗೆ ಅಡುಗೆಮನೆ. ನೆಲಕ್ಕೆ ಶಹಾಬಾದ್ ಫರಸಿ. ಕಲಬುರ್ಗಿ ಸೀಮೆಯ ಆ ಕಲ್ಲು ರೈಲು ದಾರಿಗುಂಟ ಊರೂರಿಗೆ ಬಂದು, ಬಡವರ ಮನೆಗೂ ತಂಪಾದ ನೆಲವನ್ನು ಕೊಟ್ಟಿತು. ಬೇಸಿಗೆಯಲ್ಲಿ ಪಾರೆ 40 ಡಿಗ್ರಿ ದಾಟುವ ಸೀಮೆಯಲ್ಲಿ ಅದೇನು ಸಣ್ಣ ಉಪಕಾರವಲ್ಲ.

"ಊಟಕ್ಕ ಏಳ್ರಿ" ಎಂದು ಒಳಗಿನಿಂದ ಕರೆ ಬರುತ್ತಿತ್ತು. ಏಳಿ ಎಂದರೆ ಎದ್ದು ಬಂದು ಕೂಡಿ ಎಂದರ್ಥ! ಮಣೆ ಹಾಕುತ್ತಿದ್ದರು. ಕೆಲವು ಮನೆಗಳಲ್ಲಿ ತಾಟಿನ ಕೆಳಗೆ ಮೂರು ಕಾಲಿನ ಅಡ್ಡಣಿಗೆ ಇಡುತ್ತಿದ್ದರು. ಒಬ್ಬರಿಗೆ ಒಂದರಂತೆ ಇರುವ ಆ ಅಡ್ಡಣಿಗೆಯೇ ನಮ್ಮ ಹಿರಿಯರ ಡೈನಿಂಗ್ ಟೇಬಲ್. ಊಟವಾದ ಮೇಲೆ ಅದು ಗೋಡೆಗೆ ಒರಗುತ್ತಿತ್ತು, ನೆಲ ಸಾರಿಸಿದರೆ ಊಟದ ಕೋಣೆ ಮತ್ತೆ ಪಡಸಾಲೆಯಾಗುತ್ತಿತ್ತು. ನಾಲ್ಕು ಜನ ಬಂದರೂ ಜಾಗ, ಹದಿನಾಲ್ಕು ಜನ ಬಂದರೂ ಜಾಗ.

ಈ ಗುಣವನ್ನು ಹೊಗಳುವವರು ಬಹಳ ಜನರಿದ್ದಾರೆ, ನಾನೂ ಹೊಗಳುತ್ತೇನೆ. ಆದರೆ ಆ ಪಂಕ್ತಿಗೆ ಒಂದು ಕ್ರಮವೂ ಇತ್ತು. ಮೊದಲು ಗಂಡಸರು ಮತ್ತು ಅತಿಥಿಗಳು, ಆಮೇಲೆ ಮಕ್ಕಳು, ಕೊನೆಗೆ ಹೆಂಗಸರು. ಹೆಂಗಸರಲ್ಲೂ ಒಲೆಯ ಮುಂದೆ ಇದ್ದವಳು ಎಲ್ಲರಿಗಿಂತ ಕೊನೆ. ಯಾರ ಪಕ್ಕದಲ್ಲಿ ಯಾರು ಕೂಡಬಾರದು ಎಂಬ ಜಾತಿಯ ಗೆರೆಯೂ ಅದೇ ಫರಸಿಯ ಮೇಲೆ ಕಣ್ಣಿಗೆ ಕಾಣದಂತೆ ಎಳೆದಿರುತ್ತಿತ್ತು. 12ನೇ ಶತಮಾನದ ಶರಣರು ಆ ಗೆರೆಯನ್ನು ಅಳಿಸಲು ಹೊರಟರು. ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಅಲ್ಲಿನ ಸಿದ್ಧರಾಮರು ಆ ಶರಣರಲ್ಲಿ ಒಬ್ಬರು. ಆದ್ದರಿಂದ 'ಯಾರು ಕೂಡಿ ಉಣ್ಣಬೇಕು' ಎಂಬ ಪ್ರಶ್ನೆ ಈ ಮಣ್ಣಿಗೆ ಹೊಸದಲ್ಲ.

ಬಿಸಿ ರೊಟ್ಟಿಯ ಗುಟ್ಟು

ಅಡುಗೆ ಮಾಡಿದವಳು ಕೊನೆಗೆ ಉಣ್ಣುವುದಕ್ಕೆ ಬರೀ ಸಂಪ್ರದಾಯ ಕಾರಣವೆ? ರೊಟ್ಟಿಯೂ ಒಂದು ಕಾರಣ. ನಮ್ಮ ಕಪ್ಪು ಭೂಮಿಯ ಹಿಂಗಾರಿ ಬೆಳೆ ಬಿಳಿ ಜೋಳ. ಮಾಲದಂಡಿ ಜೋಳದ ಹೆಸರು ಕೇಳದ ರೈತ ಇಲ್ಲಿ ಇಲ್ಲ. ಅದರ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬಿಸಿ ತೆಗೆದ ರೊಟ್ಟಿಯನ್ನು ತಾಟಿಗೆ ಬಿದ್ದ ಕ್ಷಣದಲ್ಲೇ ತಿನ್ನಬೇಕು. ಅದರ ರುಚಿ ಇರುವುದೇ ಅಲ್ಲಿ. ಹೀಗಾಗಿ ಉಣ್ಣುವವರು ಕುಳಿತಿರುವಷ್ಟು ಹೊತ್ತೂ ಬಡಿಯುವವಳು ಒಲೆ ಬಿಟ್ಟು ಏಳುವಂತಿಲ್ಲ. ಎಲ್ಲರೂ ಕೈ ತೊಳೆದ ಮೇಲೆ ಅವಳ ಸರದಿ. ಅಷ್ಟರಲ್ಲಿ ಪಲ್ಯದ ಬೋಗುಣಿ ತಳ ಕಂಡಿರುತ್ತದೆ.

ಇದಕ್ಕೆ ಪರಿಹಾರವನ್ನೂ ನಮ್ಮ ಹೆಂಗಸರೇ ಕಂಡುಕೊಂಡಿದ್ದಾರೆ. ಅದೇ ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಬುಟ್ಟಿಯಲ್ಲಿ ಒಟ್ಟಿದರೆ ವಾರಗಟ್ಟಲೆ ಕೆಡುವುದಿಲ್ಲ. ಸಜ್ಜೆಯದೂ ಆಗುತ್ತದೆ, ಜೋಳದ್ದೂ ಆಗುತ್ತದೆ. ಜೊತೆಗೆ ಸೊಲ್ಲಾಪುರದ ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಈ ಊಟಕ್ಕೆ ಯಾರೂ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಇದನ್ನು ಪ್ರಯಾಣದ ಬುತ್ತಿ ಎಂದೇ ನಾವು ತಿಳಿದಿದ್ದೇವೆ. ಅವ್ವನನ್ನೂ ಪಂಕ್ತಿಗೆ ಕರೆತರುವ ಊಟ ಎಂದು ಅದನ್ನು ನೋಡಿದವರು ಕಡಿಮೆ.

ಊಟದ ಕೋಣೆಯ ಬಗ್ಗೆ ಬರೆಯಲು ಹೊರಟು ರೊಟ್ಟಿಯ ಮಾತೇಕೆ ಎನ್ನುತ್ತೀರಾ? ಕೋಣೆಯನ್ನು ಮೇಸ್ತ್ರಿ ಕಟ್ಟುತ್ತಾನೆ. ಆದರೆ ಆ ಕೋಣೆಯಲ್ಲಿ ಯಾರು ಯಾವಾಗ ಕೂಡುತ್ತಾರೆ ಎಂಬುದನ್ನು ಒಲೆ ನಿರ್ಧರಿಸುತ್ತದೆ. ಒಲೆಯನ್ನು ಮರೆತು ಮೇಜು ಕೊಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ.

ಅಕ್ಕಲಕೋಟೆಯ ದೊಡ್ಡ ಮೇಜು

ಅಕ್ಕಲಕೋಟೆಯಲ್ಲಿ ಪರಿಚಯದ ಒಂದು ಕುಟುಂಬ ಹೊಸ ಬಂಗಲೆ ಕಟ್ಟಿಸಿತು. ಊಟದ ಕೋಣೆಯನ್ನು ಬಹಳ ಆಸೆಯಿಂದ ಮಾಡಿಸಿದ್ದರು. ಎಂಟು ಜನ ಕೂಡುವ ಮೇಜು, ಮೇಲೆ ಬಿಳಿ ಅಮೃತಶಿಲೆ, ಎತ್ತರದ ಬೆನ್ನಿನ ಕುರ್ಚಿಗಳು, ತಲೆಯ ಮೇಲೆ ಗಾಜಿನ ತೂಗುದೀಪ, ಗೋಡೆಗೆ ಚಿನ್ನದ ಬಣ್ಣದ ಕಾಗದ. ನೋಡಿದವರೆಲ್ಲ ಮೆಚ್ಚುವಂತಿತ್ತು.

ಒಂದು ವರ್ಷದ ನಂತರ ಮತ್ತೆ ಹೋದೆ. ಮೇಜಿನ ಒಂದು ತುದಿಯಲ್ಲಿ ಲೈಟ್ ಬಿಲ್ಲುಗಳು, ಇನ್ನೊಂದು ತುದಿಯಲ್ಲಿ ಇಸ್ತ್ರಿಗೆ ಹೋಗಬೇಕಾದ ಬಟ್ಟೆ, ನಡುವೆ ಪ್ಲಾಸ್ಟಿಕ್ ಹೂದಾನಿ. ಮನೆಯ ಯಜಮಾನರು ಟಿ.ವಿ. ಮುಂದೆ ಸೋಫಾದಲ್ಲಿ ತಾಟು ಹಿಡಿದಿದ್ದರು. ಮಗ ತನ್ನ ಕೋಣೆಯಲ್ಲಿ ಮೊಬೈಲ್ ನೋಡುತ್ತ ಉಣ್ಣುತ್ತಿದ್ದ. ಯಜಮಾನತಿ ಅಡುಗೆ ಕಟ್ಟೆಗೆ ಒರಗಿ ನಿಂತೇ ಎರಡು ತುತ್ತು ತಿಂದು ಮುಗಿಸಿದರು. ನಕ್ಕು ಹೇಳಿದರು: "ಅಡಗಿ ಮನಿಯಿಂದ ಆ ಟೇಬಲ್‌ತನಕಾ ಹದಿನಾಕ್ ಹೆಜ್ಜಿ ಆಗ್ತಾವ ಫಾದರ್. ಬಿಸಿ ರೊಟ್ಟಿ ಒಯ್ದ್ ಹಾಕೂದ್ರಾಗ ನನ್ನ ಕಾಲ ಬಿದ್ದ ಹೋಗ್ತಾವ. ಅದಕ್ಕ ಎಲ್ಲಾರೂ ತಮ್ಮ ತಮ್ಮ ತಾಟ್ ತಾವೇ ಒಯ್ತಾರ."

ಅವರು ಹೆಜ್ಜೆ ಎಣಿಸಿದ್ದರು. ನಕ್ಷೆ ಬರೆದವರು ಎಣಿಸಿರಲಿಲ್ಲ. ಕೋಣೆ ಅತಿಥಿಗಳ ಕಣ್ಣಿಗೆ ಸಿದ್ಧವಾಗಿತ್ತು, ಮನೆಯವರ ಕಾಲಿಗೆ ಸಿದ್ಧವಾಗಿರಲಿಲ್ಲ.

ಅದೇ ಅಕ್ಕಲಕೋಟೆಯಲ್ಲಿ ಇನ್ನೊಂದು ಊಟದ ಮನೆ ಇದೆ. 1988ರಲ್ಲಿ ಆರಂಭವಾದ ಶ್ರೀ ಸ್ವಾಮಿ ಸಮರ್ಥ ಅನ್ನಛತ್ರ ಮಂಡಳಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಸಾವಿರಾರು ಜನರಿಗೆ ಅಲ್ಲಿ ಹಣ ಕೇಳದೆ ಊಟ ಹಾಕುತ್ತಾರೆ. ಪಂಢರಪುರ, ತುಳಜಾಪುರ, ಗಾಣಗಾಪುರಗಳಿಗೆ ಹೋಗುವ ಬರುವ ಯಾತ್ರಿಕರು ಆ ಹೊತ್ತಿಗೆ ಒಂದೇ ಛಾವಣಿಯ ಕೆಳಗೆ ಉಣ್ಣುತ್ತಾರೆ. ಅಷ್ಟು ಜನರಿಗೆ ಊಟ ಹಾಕುವವರು ತೋರಿಕೆಯ ಅಲಂಕಾರದಿಂದ ಶುರುಮಾಡಲಾರರು. ಬಂದವರು ಕೈ ಎಲ್ಲಿ ತೊಳೆಯಬೇಕು? ಬಡಿಸುವವನು ಯಾವ ದಾರಿಯಲ್ಲಿ ನಡೆಯಬೇಕು? ಎಂಜಲು ತಾಟು ಎಲ್ಲಿಗೆ ಹೋಗಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಒಂದು ಪಂಕ್ತಿಯೂ ಎದ್ದು ಇನ್ನೊಂದು ಕೂಡಲಾರದು. ಐದು ಜನರ ಮನೆಗೂ ಇವೇ ಮೂರು ಪ್ರಶ್ನೆಗಳು. ಬಂಗಲೆಯ ಊಟದ ಕೋಣೆಯಲ್ಲಿ ಇವಕ್ಕೇ ಉತ್ತರ ಇರಲಿಲ್ಲ.

ಕುಂಭಾರಿ ದಾರಿಯ ಚಿಕ್ಕ ಮನೆ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಆ ದಾರಿಯಲ್ಲಿ ಸಿಗುವ ಕುಂಭಾರಿಯ ಹೆಸರು ಇಂದು ದೇಶಕ್ಕೇ ಗೊತ್ತು. ಸೊಲ್ಲಾಪುರದಲ್ಲಿ ಹತ್ತಾರು ಸಾವಿರ ಹೆಣ್ಣುಮಕ್ಕಳು ಬೀಡಿ ಕಟ್ಟಿ ಬದುಕುತ್ತಾರೆ. ಗಂಡಸರು ಹೆಚ್ಚಾಗಿ ಮಗ್ಗದ ಕೆಲಸಕ್ಕೆ ಹೋಗುವವರು. ಕಾರ್ಮಿಕ ನಾಯಕ, ಮಾಜಿ ಶಾಸಕ ನರಸಯ್ಯ ಆಡಂ ಅವರ ಮುಂದಾಳತ್ವದಲ್ಲಿ ಈ ಹೆಣ್ಣುಮಕ್ಕಳು ಮನೆಗಾಗಿ ವರ್ಷಗಟ್ಟಲೆ ಹೋರಾಡಿದರು. ಗೋದೂತಾಯಿ ಪರುಳೇಕರ್ ಅವರ ಹೆಸರಿನ ಸಹಕಾರಿ ಸಂಘದ ಮೂಲಕ 10,000 ಮನೆಗಳು ಎದ್ದವು. 2006ರಲ್ಲಿ ಅವು ಅವರ ಕೈಸೇರಿದವು. ಆಮೇಲೆ ಅಲ್ಲಿಯೇ ರೇನಗರದ 30,000 ಮನೆಗಳ ಯೋಜನೆ ಬಂತು. ಅದಕ್ಕೆ 2019ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. 2024ರ ಜನವರಿ 19ರಂದು ಮೊದಲ 15,000 ಮನೆಗಳನ್ನು ಹಸ್ತಾಂತರಿಸಲಾಯಿತು. ಒಂದೊಂದು ಮನೆ ಸುಮಾರು 300 ಚದರ ಅಡಿ.

300 ಚದರ ಅಡಿಯಲ್ಲಿ ಊಟದ ಕೋಣೆಯೆ ಎಂದು ನಗಬೇಡಿ. ಊಟದ ಜಾಗದ ಅಗತ್ಯ ಅಲ್ಲಿ ಇರುವಷ್ಟು ಬಂಗಲೆಯಲ್ಲೂ ಇಲ್ಲ. ಬೀಡಿ ಕಟ್ಟುವವಳ ಮನೆಯೇ ಅವಳ ಕಾರ್ಖಾನೆ. ನೆನೆಸಿದ ಎಲೆಯ ಕಟ್ಟು, ಕತ್ತರಿ, ದಾರದ ಉಂಡೆ, ಮೊರದ ತುಂಬ ತಂಬಾಕಿನ ಪುಡಿ. ಕೂಲಿ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು. ಸಾವಿರ ಮುಟ್ಟುವವರೆಗೆ ಅವಳು ಏಳುವುದಿಲ್ಲ. ಅದೇ ನೆಲದಲ್ಲಿ ಕೆಲಸ, ಅದೇ ನೆಲದಲ್ಲಿ ಊಟ, ರಾತ್ರಿ ಅದೇ ನೆಲದಲ್ಲಿ ಹಾಸಿಗೆ. ತಂಬಾಕಿನ ಧೂಳು ಮೂಗಿನಲ್ಲಿ ಹೋಗುತ್ತದೆ, ಅದರ ವಿಷ ಚರ್ಮದ ಮೂಲಕವೂ ಇಳಿಯುತ್ತದೆ. ಅದೇ ಚಾಪೆಯ ಮೇಲೆ ತಾಟು ಇಟ್ಟರೆ ಅನ್ನದ ಜೊತೆಗೂ ಇಳಿಯುತ್ತದೆ. ಅಂಥ ಮನೆಯಲ್ಲಿ ಊಟಕ್ಕೆ ಬೇರೆ ಜಾಗ ಎಂದರೆ ಅದು ಆರೋಗ್ಯದ ಮಾತು.

ಆ ದಾರಿಯ ಒಂದು ಚಿಕ್ಕ ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ತಂದೆ ಪವರ್‌ಲೂಮ್ ಕೆಲಸಗಾರ. ತಾಯಿ ಚಿಕ್ಕ ವಯಸ್ಸಿನಿಂದ ಬೀಡಿ ಕಟ್ಟಿದವರು. ದೊಡ್ಡ ಮಗ ಪುಣೆಯಲ್ಲಿ ಕೆಲಸಕ್ಕೆ ಸೇರಿ ಆಗಿನ್ನೂ ಕೆಲವೇ ತಿಂಗಳು. ಕೆಳಗೆ ಒಬ್ಬ ತಂಗಿ, ಒಬ್ಬ ತಮ್ಮ. ಪ್ರಾರ್ಥನೆ ಮುಗಿದ ಮೇಲೆ ಮನೆಯಲ್ಲಿ ಒಂದು ವಾದ ನಡೆಯುತ್ತಿದೆ ಎಂದು ತಿಳಿಯಿತು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಷ್ಟರೊಳಗೆ ಆರು ಕುರ್ಚಿಯ ಡೈನಿಂಗ್ ಟೇಬಲ್ಲನ್ನು ಕಂತಿನ ಮೇಲೆ ತರಬೇಕೆಂದು ಮಗನ ಹಟ. "ನಾವೇನ್ ಇನ್ನೂ ಚಾಳಿನಾಗ ಇದ್ದೀವೇನು?" ಎಂಬುದು ಅವನ ಮಾತು. "ಅವ್ವ ಬೀಡಿ ಎಲ್ಲಿ ಕುಂತ ಮಾಡಬೇಕೋ? ಟೇಬಲ್ ಕೆಳಗ?" ಎಂದು ತಂದೆ. ತಂಗಿ ಸುಮ್ಮನಿದ್ದಳು. ಮದುವೆಯ ಮಾತಿಗೆ ಮೊದಲೇ ಮನೆಯ ಮೇಲೆ ಸಾಲ ಬೀಳುವುದು ಅವಳಿಗೆ ಬೇಡವಾಗಿತ್ತು.

ನೆಲದ ಮೇಲೆ ಕುಳಿತು ಉಣ್ಣುವುದೇ ನಮ್ಮ ಪದ್ಧತಿ, ಅದೇ ಆರೋಗ್ಯ ಎಂದು ತಂದೆ ನನ್ನ ಕಡೆ ನೋಡಿ ಹೇಳಿದರು. ಗುರು ಹಿರಿಯರ ಪಕ್ಷ ವಹಿಸುತ್ತಾನೆ ಎಂಬ ನಂಬಿಕೆ ಇದ್ದಿರಬೇಕು. ಅಲ್ಲಿಯವರೆಗೆ ಯಾರೂ ತಾಯಿಯನ್ನು ಕೇಳಿರಲಿಲ್ಲ. ಅವ್ವ, ನಿಮ್ಮ ವಿಚಾರ ಏನು ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಹೇಳಿದ್ದು ಇಷ್ಟು:

"ಮೂವತ್ತ್ ವರ್ಷ ನೆಲದ ಮ್ಯಾಲ ಕುಂತ್ ಬೀಡಿ ಮಾಡೀನ್ರಿ ಫಾದರ್. ಮೊಣಕಾಲ ಮಡಚಾಕ ಬರಂಗಿಲ್ಲ. ಉಣ್ಣೂಮುಂದರೆ ಕುರ್ಚಿ ಮ್ಯಾಲ ಕುಂದರಬೇಕನ್ನಸ್ತದ."

ಮನೆಯೆಲ್ಲ ಸುಮ್ಮನಾಯಿತು. ಮಗ ಮೇಜು ಬೇಕೆಂದದ್ದು ಬರುವ ಅತಿಥಿಗಳಿಗಾಗಿ. ತಂದೆ ನೆಲ ಸಾಕೆಂದದ್ದು ತಾಯಿಗಾಗಿ. ಆ ತಾಯಿಗೇ ನೆಲ ಸಾಕಾಗಿಹೋಗಿತ್ತು. ನೆಲದ ಊಟವನ್ನು ಹೊಗಳಿ ಲೇಖನ ಬರೆಯುವ ನಮ್ಮಂಥವರು ನೆನಪಿಡಬೇಕಾದ ಮಾತಿದು. ದಿನವಿಡೀ ಕುರ್ಚಿಯಲ್ಲಿ ಕೂಡುವವನಿಗೆ ನೆಲ ವಿಶ್ರಾಂತಿಯಾಗಬಹುದು. ದಿನವಿಡೀ ನೆಲದ ಮೇಲೆ ಕೂಡುವವಳಿಗೆ ಕುರ್ಚಿಯೇ ವಿಶ್ರಾಂತಿ.

ಟೇಪು ಹಿಡಿದು ಅಳೆದಾಗ

ವಾದ ನಿಂತ ಮೇಲೆ ನಾವು ಟೇಪು ಹಿಡಿದೆವು. ಲೆಕ್ಕ ಬಹಳ ಸರಳ, ನಿಮಗೂ ಉಪಯೋಗವಾದೀತು. ಒಬ್ಬರು ಮೊಣಕೈ ತಾಗದೆ ಉಣ್ಣಲು 2 ಅಡಿ ಅಗಲ ಬೇಕು. ಮೇಜಿನ ಎತ್ತರ ಎರಡೂವರೆ ಅಡಿ, ಕುರ್ಚಿಯ ಕೂಡುವ ಎತ್ತರ ಒಂದೂವರೆ ಅಡಿ. ನಡುವೆ ಒಂದಡಿ ಅಂತರ ಇದ್ದರೆ ಬೆನ್ನು ಬಾಗುವುದಿಲ್ಲ. ಕುರ್ಚಿ ಹಿಂದೆ ಸರಿಸಿ ಏಳಲು ಮೇಜಿನ ಅಂಚಿನಿಂದ ಎರಡೂವರೆ ಅಡಿ ಖಾಲಿ ಬೇಕು. ಹಿಂದಿನಿಂದ ಇನ್ನೊಬ್ಬರು ನಡೆದುಹೋಗಬೇಕಾದರೆ ಮೂರಡಿ.

ಮಗ ಕೊಳ್ಳಲು ಹೊರಟ ಆರು ಕುರ್ಚಿಯ ಮೇಜು 5 ಅಡಿ ಉದ್ದ, 3 ಅಡಿ ಅಗಲ. ನಾಲ್ಕೂ ಬದಿಗೆ ಎರಡೂವರೆ ಅಡಿ ಸೇರಿಸಿದರೆ 10 ಅಡಿಗೆ 8 ಅಡಿ, ಅಂದರೆ 80 ಚದರ ಅಡಿ. 300ರಲ್ಲಿ 80 ಹೋದರೆ ಮನೆಯ ಕಾಲುಭಾಗಕ್ಕಿಂತ ಹೆಚ್ಚು ಜಾಗ ಒಂದೇ ಮೇಜಿಗೆ ಹೋದಂತೆ. ಅಂಕಿ ನೋಡಿದ ಮಗ ತಾನೇ ನಕ್ಕುಬಿಟ್ಟ.

ಕೊನೆಗೆ ಪರಿಚಯದ ಬಡಿಗರೊಬ್ಬರು ದಾರಿ ತೋರಿಸಿದರು. ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಎರಡೂವರೆ ಅಡಿ ಎತ್ತರದಲ್ಲಿ ಗಟ್ಟಿ ಮರದ ಪಟ್ಟಿಯೊಂದನ್ನು ಬಿಗಿದರು. ನಾಲ್ಕೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲದ ಪ್ಲೈವುಡ್ ಹಲಗೆಯ ಗಿಡ್ಡ ಬದಿಯನ್ನು ಅದಕ್ಕೆ ಕೀಲಿನಿಂದ ಜೋಡಿಸಿದರು. ಮೇಲೆ ಒರೆಸಿದರೆ ಸ್ವಚ್ಛವಾಗುವ ಸನ್ಮೈಕಾ. ಆಚೆ ತುದಿಗೆ ಮಡಚುವ ಕಾಲು. ಊಟದ ಹೊತ್ತಿಗೆ ಹಲಗೆ ಇಳಿಯುತ್ತದೆ. ಆ ಕಡೆ ಇಬ್ಬರು, ಈ ಕಡೆ ಇಬ್ಬರು, ತುದಿಗೆ ಒಬ್ಬರು. ಊಟವಾದ ಮೇಲೆ ಮೇಲಕ್ಕೆತ್ತಿ ಗೋಡೆಗೆ ಒರಗಿಸಿದರೆ ಬಾಗಿಲಿನಷ್ಟು ಎತ್ತರಕ್ಕೆ ನಿಲ್ಲುತ್ತದೆ. ಅಕಸ್ಮಾತ್ ಬೀಳದಂತೆ ಮೇಲ್ಗಡೆ ಎರಡು ಚಿಲಕ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ. ಒಂದರ ಮೇಲೊಂದು ಕೂಡುವ ನಾಲ್ಕು ಸ್ಟೂಲು. ತಾಯಿಗೆ ಬೆನ್ನಿರುವ ಒಂದು ಒಳ್ಳೆಯ ಕುರ್ಚಿ. ಕಂತಿನ ಸಾಲ ಬೇಕಾಗಲಿಲ್ಲ.

ಮೇಲಕ್ಕೆತ್ತಿದಾಗ ಹಲಗೆಯ ಅಡಿಭಾಗ ಕೋಣೆಗೆ ಕಾಣುತ್ತದೆಯಷ್ಟೆ. ಅದು ಬೋಳಾಗಿ ಕಾಣಬಾರದೆಂದು ತಂಗಿ ಅಲ್ಲಿ ಬಿಳಿ ಬಣ್ಣದಲ್ಲಿ ದೊಡ್ಡದೊಂದು ರಂಗೋಲಿ ಬರೆದಳು. ಹಲಗೆಯ ಮೇಲೆ ಹಾಸಲು ತಂದೆ ಸೊಲ್ಲಾಪುರದ ಹತ್ತಿ ಬಟ್ಟೆಯನ್ನೇ ತಂದರು. ಚಾದರ, ಟವೆಲ್ ನೇಯುವ ಊರಿನವರು ಮೇಜಿಗೆ ಪ್ಲಾಸ್ಟಿಕ್ ಹಾಸುವುದೇಕೆ? ಒಗೆಯಬಹುದು, ಬೇಸಿಗೆಯಲ್ಲಿ ಕೈಗೆ ಅಂಟುವುದಿಲ್ಲ, ನೇಯ್ದವನ ಹೊಟ್ಟೆಯೂ ತುಂಬುತ್ತದೆ. ದೀಪವನ್ನು ಮೇಜಿನಿಂದ ಎರಡೂವರೆ ಅಡಿ ಮೇಲೆ ಬರುವಂತೆ ಇಳಿಬಿಟ್ಟರು, ಬೆಳಕು ತಾಟಿನ ಮೇಲೆ ಬೀಳುತ್ತದೆ, ಕಣ್ಣಿಗೆ ಕುಕ್ಕುವುದಿಲ್ಲ. ಟಿ.ವಿ.ಯನ್ನು ಈ ಜಾಗಕ್ಕೆ ಕಾಣದ ಗೋಡೆಗೆ ಸರಿಸಿದರು. ಮತ್ತೊಂದು ನಿಯಮವನ್ನು ತಾಯಿಯೇ ಮಾಡಿದರು: ಎಲೆಯಾಗಲಿ ತಂಬಾಕಾಗಲಿ ಈ ಹಲಗೆಯ ಮೇಲೆ ಬರಕೂಡದು, ಕೆಲಸದ ಮೊರ ಎದುರಿನ ಮೂಲೆಯ ಕಿಟಕಿಯ ಹತ್ತಿರವೇ ಇರಬೇಕು, ಸೋಪು ಹಚ್ಚಿ ಕೈ ತೊಳೆಯದೆ ಯಾರೂ ಕುರ್ಚಿ ಮುಟ್ಟುವಂತಿಲ್ಲ. 300 ಚದರ ಅಡಿಯಲ್ಲಿ ಹನ್ನೊಂದೂಕಾಲು ಚದರ ಅಡಿಯ ಹಲಗೆಯೊಂದು ಕಾರ್ಖಾನೆಯಿಂದ ಬಿಡುಗಡೆ ಪಡೆಯಿತು.

ಗಂಡಿನ ಕಡೆಯವರು ಬಂದರು, ಕುಳಿತರು, ಉಂಡರು. ಆ ಸಂಬಂಧ ಕೂಡಿಬರಲಿಲ್ಲ, ಅದಕ್ಕೆ ಬೇರೆ ಕಾರಣಗಳಿದ್ದವು. ಮೇಜು ಉಳಿಯಿತು. ವಾರದಲ್ಲಿ ಎರಡು ರಾತ್ರಿ ಖಡಕ್ ರೊಟ್ಟಿಯ ಊಟ, ಉಳಿದ ದಿನ ರೊಟ್ಟಿಯನ್ನು ಮೊದಲೇ ಬಡಿದು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕುವುದು ಎಂದು ಅವರಲ್ಲೇ ತೀರ್ಮಾನವಾಯಿತು. ಪಲ್ಯ, ನೀರು, ಉಪ್ಪು ಎಲ್ಲವೂ ಮೊದಲೇ ಹಲಗೆಯ ಮೇಲೆ. ಊಟದ ನಡುವೆ ಯಾರಾದರೂ ಏಳಬೇಕಾಗಿ ಬಂದರೆ ಚಿಕ್ಕ ಮಗ ಏಳಬೇಕು. ಬಿಸಿ ರೊಟ್ಟಿಯ ರುಚಿ ಸ್ವಲ್ಪ ಕಡಿಮೆಯಾಯಿತು ಎಂದು ತಂದೆಯವರ ದೂರು ಈಗಲೂ ಇದೆ. ದೂರು ಹೇಳುತ್ತಲೇ ಎರಡು ರೊಟ್ಟಿ ಹೆಚ್ಚಾಗಿ ತಿನ್ನುತ್ತಾರೆ ಎಂದು ಮಗಳು ಹೇಳುತ್ತಾಳೆ.

ಗೋಡೆಯ ಮೇಲಿನ ಚಿತ್ರ

ನಮ್ಮ ಕ್ರೈಸ್ತ ಮನೆಗಳ ಊಟದ ಕೋಣೆಗೆ ಒಂದು ಚಿತ್ರ ಬಂದೇ ಬರುತ್ತದೆ. ಅದು ಯೇಸುಸ್ವಾಮಿಯ ಕಡೆಯ ಭೋಜನ. ಹೊಳೆಯುವ ಚೌಕಟ್ಟು, ಕೆಲವೊಮ್ಮೆ ಸುತ್ತ ಮಿಣುಕು ದೀಪ. ಈ ಚಿತ್ರದ ಮೂಲವೂ ಒಂದು ಊಟದ ಕೋಣೆಯ ಗೋಡೆಯೇ ಎಂಬುದು ನಿಮಗೆ ಗೊತ್ತಿದೆಯೆ? ಇಟಲಿಯ ಮಿಲಾನ್ ನಗರದ ಸಾಂತಾ ಮರಿಯಾ ದೆಲ್ಲೆ ಗ್ರಾಜಿಯೆ ಎಂಬ ಡೊಮಿನಿಕನ್ ಮಠದಲ್ಲಿ, ಸನ್ಯಾಸಿಗಳು ಉಣ್ಣುವ ಕೋಣೆಯ ಗೋಡೆಗೆ ಲಿಯನಾರ್ಡೊ ದ ವಿಂಚಿ ಸುಮಾರು 1495ರಿಂದ 1498ರ ಅವಧಿಯಲ್ಲಿ ಅದನ್ನು ಬರೆದ. ಸುಮಾರು 15 ಅಡಿ ಎತ್ತರ, 29 ಅಡಿ ಅಗಲ. ಕೋಣೆಯೇ ಮುಂದುವರಿದು ಯೇಸುವಿನ ಮೇಜು ಅದೇ ಕೋಣೆಯ ಕೊನೆಯಲ್ಲಿ ಇರುವಂತೆ ಕಾಣಲಿ ಎಂದು ಅವನು ಗೆರೆಗಳನ್ನು ಹೊಂದಿಸಿದ. ತಾಟಿನಿಂದ ತಲೆಯೆತ್ತಿದ ಸನ್ಯಾಸಿಗೆ ತಾನೂ ಅದೇ ಪಂಕ್ತಿಯಲ್ಲಿ ಇದ್ದೇನೆ ಎನ್ನಿಸಬೇಕು. 1652ರಲ್ಲಿ ಆ ಗೋಡೆಯಲ್ಲಿ ಬಾಗಿಲು ಕೊರೆದಾಗ ಯೇಸುವಿನ ಪಾದಗಳ ಭಾಗ ಹಾಳಾಯಿತು. 1943ರ ಬಾಂಬ್ ದಾಳಿಯಲ್ಲಿ ಕೋಣೆಯ ಬಹುಭಾಗ ಕುಸಿದರೂ ಚಿತ್ರದ ಗೋಡೆ ಉಳಿಯಿತು.

ಈ ಚಿತ್ರದ ಮುಂದೆ ನಿಂತಾಗ ಒಂದು ಪ್ರಶ್ನೆ ಕೇಳಿ ನೋಡಿ. ಆ ರಾತ್ರಿಯ ಅಡುಗೆಯ ಸಿದ್ಧತೆ ಮಾಡಿದವರು ಯಾರು? ಲೂಕನ ಶುಭಸಂದೇಶದ 22ನೇ ಅಧ್ಯಾಯ ಅದನ್ನು ಹೆಸರು ಹಿಡಿದು ಹೇಳುತ್ತದೆ. ಪಾಸ್ಖ ಭೋಜನವನ್ನು ಸಿದ್ಧಮಾಡಲು ಯೇಸು ಕಳಿಸಿದ್ದು ಪೇತ್ರನನ್ನೂ ಯೊವಾನ್ನನನ್ನೂ. ಈಗ ಚಿತ್ರದಲ್ಲಿ ಅವರನ್ನು ಹುಡುಕಿ. ಯೇಸುವಿನ ಪಕ್ಕಕ್ಕೇ ಯೊವಾನ್ನ, ಅವನ ಕಡೆಗೆ ಬಾಗಿದವನು ಪೇತ್ರ. ಸಿದ್ಧತೆ ಮಾಡಿದವರು ಒಲೆಯ ಹತ್ತಿರ ಉಳಿದಿಲ್ಲ, ಪಂಕ್ತಿಯಲ್ಲಿದ್ದಾರೆ, ಅದೂ ಗುರುವಿಗೆ ಅತಿ ಸಮೀಪದಲ್ಲಿ. ಚಿತ್ರ ತೂಗುಹಾಕಿದ ಮನೆಯಲ್ಲಿ ಅಡುಗೆ ಮಾಡಿದವಳು ಎಲ್ಲಿ ಕೂಡುತ್ತಾಳೆ?

ಸನ್ಯಾಸಿ ಮಠಗಳು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದವು. ನಾವು ಗುರುಮಠದಲ್ಲಿ ಕಲಿಯುವಾಗ ಬಡಿಸುವ ಸರದಿ ಪ್ರತಿಯೊಬ್ಬರಿಗೂ ಬರುತ್ತಿತ್ತು. ಈ ಪದ್ಧತಿಯ ಬೇರು 6ನೇ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿದೆ. ಅಡುಗೆ ಮತ್ತು ಬಡಿಸುವ ಕೆಲಸವನ್ನು ಸಹೋದರರು ವಾರದ ಸರದಿಯಂತೆ ಮಾಡಬೇಕು ಎಂದು ಅದರ 35ನೇ ಅಧ್ಯಾಯ ಹೇಳುತ್ತದೆ. ಹಸಿದ ಹೊಟ್ಟೆಯಲ್ಲಿ ಗೊಣಗುತ್ತ ಬಡಿಸಬಾರದೆಂದು, ಸರದಿಯವರಿಗೆ ಊಟಕ್ಕೆ ಒಂದು ಗಂಟೆ ಮೊದಲೇ ಸ್ವಲ್ಪ ರೊಟ್ಟಿ ಮತ್ತು ಪಾನೀಯ ಕೊಡಬೇಕು ಎಂದೂ ಹೇಳುತ್ತದೆ. ಎಷ್ಟು ಮಾನವೀಯವಾದ ಮಾತು! ಸಂತರು ಪ್ರಾರ್ಥನೆಯ ವೇಳೆಯನ್ನು ನಿಗದಿ ಮಾಡಿದಷ್ಟೇ ಎಚ್ಚರದಿಂದ ಬಡಿಸುವವನ ಹಸಿವನ್ನೂ ಲೆಕ್ಕಕ್ಕೆ ತೆಗೆದುಕೊಂಡರು.

ಮನೆ ಕಟ್ಟುವವರಿಗೆ, ಕಟ್ಟಿದವರಿಗೆ

ಆದ್ದರಿಂದ ಪ್ರಿಯ ಸಹೋದರ ಸಹೋದರಿಯರೆ, ಊಟದ ಕೋಣೆಯ ನಕ್ಷೆ ಬರೆಯುವಾಗ ಮೊದಲು ಮನೆಯವರ ತಲೆ ಎಣಿಸಿ. ಎಣಿಕೆಯನ್ನು ಅಡುಗೆ ಮಾಡುವವರಿಂದಲೇ ಶುರುಮಾಡಿ. ಅವರ ಜಾಗ ಅಡುಗೆಮನೆಗೆ ಹತ್ತಿರವಿರಲಿ, ಆದರೆ ಅಲ್ಲಿ ಅವರು ನಿಲ್ಲದೆ ಕೂಡುವಂತಿರಲಿ. ಒಲೆಯಿಂದ ಮೇಜಿಗೆ ಎಷ್ಟು ಹೆಜ್ಜೆ ಎಂದು ನಡೆದು ನೋಡಿ. ಆರೇಳು ಹೆಜ್ಜೆಗೆ ಮುಗಿದರೆ ಒಳ್ಳೆಯದು. ಕೈ ತೊಳೆಯುವ ಜಾಗ, ಎಂಜಲು ತಾಟು ಇಡುವ ಜಾಗ ಇವೆರಡೂ ಗೊತ್ತಾದ ಮೇಲೆ ಗೋಡೆಯ ಬಣ್ಣಕ್ಕೆ ಬನ್ನಿ. ಅಜ್ಜ ಅಜ್ಜಿ ಇದ್ದರೆ ಅವರ ಮೊಣಕಾಲನ್ನು ಕೇಳಿ ಕುರ್ಚಿ ಆರಿಸಿ. ಮೇಜಿಗೆ ದುಡ್ಡಿಲ್ಲದಿದ್ದರೆ ಚಾದರ ಹಾಸಿ ಸುತ್ತ ಕುಳಿತುಕೊಳ್ಳಿ, ಕೂಡಲಾಗದವರಿಗೆ ಒಂದು ಕುರ್ಚಿ ಇಡಿ.

ಮನೆ ಈಗಾಗಲೇ ಕಟ್ಟಿ ಮುಗಿದಿದೆ, ಇನ್ನೇನು ಮಾಡುವುದು ಎನ್ನುವವರಿಗೂ ಒಂದು ಕೆಲಸವಿದೆ. ಖರ್ಚಿಲ್ಲದ್ದು. ಇಂದು ರಾತ್ರಿ ಅಡುಗೆಯಾದ ಮೇಲೆ ಮನೆಯಲ್ಲಿ ಇದ್ದಷ್ಟೂ ಜನರ ತಾಟುಗಳನ್ನು ಒಮ್ಮೆಗೇ ಇಡಿ. ಎಲ್ಲ ತಾಟುಗಳ ಮುಂದೆ ಜನ ಕೂಡುವವರೆಗೆ ಯಾರೂ ಮೊದಲ ತುತ್ತು ಮುರಿಯಬೇಡಿ. "ನೀವು ಉಣ್ರಿ, ನಾ ಆಮ್ಯಾಲ ಉಣತೀನಿ" ಎಂದು ಒಳಗಿನಿಂದ ದನಿ ಬರುತ್ತದೆ. ಆ ಮಾತನ್ನು ಕೇಳಿ ಸುಮ್ಮನೆ ಉಣ್ಣಲು ಶುರುಮಾಡಬೇಡಿ, ಎದ್ದು ಹೋಗಿ ಕೈ ಹಿಡಿದು ಕರೆದುಕೊಂಡು ಬನ್ನಿ. ರೊಟ್ಟಿ ಸ್ವಲ್ಪ ಆರೀತು, ಆರಲಿ.